ಕತ್ತಲ ಫೈಲಿನ ಎಪ್ಪತ್ತೊಂದು

ಫೆಬ್ರವರಿ 3, ಸೋಮವಾರ

ಬಂತು! ಬಂತು, ಬಂತು, ಬಂತು!

ಇಷ್ಟು ಬರೆದು ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಈಗ ಸರಿಯಾಗಿ ಬರೆಯುತ್ತೇನೆ. ಹೊಸ ಪುಸ್ತಕದ ಮೊದಲ ಪುಟಕ್ಕೇ ಇಂಥ ದಿನ ಸಿಕ್ಕಿದ್ದು ನನ್ನ ಪುಣ್ಯ. ಮುದುಕಿಯಾದ ಮೇಲೆ ಓದಿ ಮೆರೆಯಲು ಬೇಕಾಗುತ್ತದೆ, ಆದ್ದರಿಂದ ಎಲ್ಲವನ್ನೂ ಬಿಡಿಸಿ ಬರೆದಿಡುತ್ತೇನೆ.

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ನನ್ನ ಪರದೆಯ ಮೇಲೆ ಅಲೆ ಮೂಡಿತು. ಐದೂವರೆ ವರ್ಷದಿಂದ ಕಾದಿದ್ದ ಅಲೆ. ಮೊದಲು ಎಡಗಡೆ ಮಸುಕಾಗಿ ಒಂದು ಉಬ್ಬು, ಆಮೇಲೆ ಒಂದು ತಗ್ಗು, ಮತ್ತೆ ಉಬ್ಬು. ಯಂತ್ರದೊಳಗಿನ ಕನ್ನಡಿ ಒಂದೊಂದು ಹೆಜ್ಜೆ ಸರಿದ ಹಾಗೆ ಪರದೆಗೆ ಒಂದೊಂದು ಗೆರೆ ಸೇರುತ್ತಾ ಹೋಯಿತು. ನಾನು ಕಿರುಚಿದ್ದು ಕೇಳಿ ಪಂಪಣ್ಣ ಸ್ಪ್ಯಾನರ್ ಹಿಡಿದುಕೊಂಡೇ ಓಡಿಬಂದರು.

“ಏನಾಯ್ತು, ಏನಾಯ್ತು?”

“ಅಲೆ ಅಣ್ಣಾ, ಅಲೆ!”

ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. “ಇದಕ್ಕೆ ಈ ಪಾಟಿ ಕೂಗ್ಬೇಕಾ ತಂಗಿ? ಪಂಪು ಸುಟ್ಟೋಯ್ತು ಅಂದ್ಕೊಂಡೆ. ಜೀವ ಬಾಯಿಗೆ ಬಂದಿತ್ತು.”

ಪಂಪಣ್ಣ ಎಂದರೆ ನಮ್ಮ ಲ್ಯಾಬಿನ ಮೆಕ್ಯಾನಿಕ್. ಹನ್ನೊಂದು ವ್ಯಾಕ್ಯೂಮ್ ಪಂಪುಗಳು ಅವರ ಸುಪರ್ದಿನಲ್ಲಿವೆ. ಅವರ ನಿಜವಾದ ಹೆಸರು ಈಗ ಸಂಬಳ ಕೊಡುವ ಕಚೇರಿಗೆ ಮಾತ್ರ ಗೊತ್ತಿರಬೇಕು. ನಮ್ಮದು ತೀವ್ರ ನೇರಳಾತೀತ ಬೆಳಕು. ಕಣ್ಣಿಗೆ ಕಾಣದು, ಗಾಳಿಯಲ್ಲಿ ಒಂದು ಗೇಣು ದೂರವೂ ಹೋಗದು, ಗಾಳಿಯೇ ನುಂಗಿಬಿಡುತ್ತದೆ. ಹಾಗಾಗಿ ಉಕ್ಕಿನ ಕೊಳವೆಗಳೊಳಗಿನ ಗಾಳಿಯನ್ನೆಲ್ಲ ಹೀರಿ ಹೊರಗೆ ಹಾಕಬೇಕು. ಪಂಪಣ್ಣ ರಜೆ ಹಾಕಿದರೆ ನಮ್ಮ ಬೆಳಕೂ ರಜೆ.

ಆಮೇಲೆ ಮೇಡಂ ಬಂದರು. ನನ್ನ ಗೈಡ್ ಅವರು, ಹದಿನಾಲ್ಕು ವರ್ಷದ ಹಿಂದೆ ಒಂದು ಮೇಜು ಒಂದು ಲೇಸರ್ ಇಟ್ಟುಕೊಂಡು ಈ ಲ್ಯಾಬ್ ಶುರು ಮಾಡಿದವರು. ಕನ್ನಡಕ ಏರಿಸಿ ನೋಡಿ, “ಹೂಂ, ಚೆನ್ನಾಗಿದೆ. ಇನ್ನೊಂದು ಸಲ ತೆಗಿ,” ಎಂದರು. ಅಷ್ಟೇ! ಆಕಾಶವೇ ಕೈಗೆ ಬಂದರೂ ಈ ಹೆಂಗಸು ‘ಇನ್ನೊಂದು ಸಲ ತೆಗಿ’ ಎನ್ನುತ್ತಾರೆ.

ಇಪ್ಪತ್ತೆಂಟನೇ ತಾರೀಖು ಪರಿಶೀಲನಾ ಸಮಿತಿ ಬರುತ್ತದೆ. ನಮ್ಮ ಬೆಳಕಿನ ಮಿಂಚು ನೂರು ಅಟೊಸೆಕೆಂಡಿಗಿಂತ ಚಿಕ್ಕದೆಂದು ಅಳೆದು ತೋರಿಸಿದರೆ ಲ್ಯಾಬ್ ಉಳಿಯುತ್ತದೆ. ಇಲ್ಲದಿದ್ದರೆ ಮೂರನೇ ಮಹಡಿಯ ಈ ಹಾಲ್ ಬೇರೆಯವರ ಪಾಲು, ನನ್ನ ಪಿಎಚ್‌ಡಿ ಪ್ರಬಂಧ ಮೂಲೆಪಾಲು. ಹೋಗಲಿ ಬಿಡು, ಅಂಥದ್ದೇನೂ ಆಗುವುದಿಲ್ಲ. ನನ್ನ ಅಲೆ ಬಂದಾಯಿತು!

ಫೆಬ್ರವರಿ 5, ಬುಧವಾರ

ಅಮ್ಮನಿಗೆ ಇವತ್ತು ಕೊನೆಗೂ ಅರ್ಥ ಮಾಡಿಸಿದೆ. ಅಮ್ಮ ಮೂವತ್ತೆರಡು ವರ್ಷ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವಳು. ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚ್. ಮನೆಯಲ್ಲೂ ಅವಳು ‘ಬಾ’ ಎಂದರೆ ಮೂರು ಮನೆ ಆಚೆಯವರು ಬರುತ್ತಾರೆ.

“ಅದೆಷ್ಟು ಚಿಕ್ಕದು ಅಂತ ನೆಟ್ಟಗೆ ಹೇಳೇ.”

“ಒಂದು ಸೆಕೆಂಡನ್ನ ನೂರು ಕೋಟಿ ಚೂರು ಮಾಡು. ಅದ್ರಲ್ಲಿ ಒಂದು ಚೂರು ತಗೊಂಡು ಮತ್ತೆ ನೂರು ಕೋಟಿ ಚೂರು ಮಾಡು. ಅದ್ರಲ್ಲಿ ಒಂದು ಚೂರು ಅಂದ್ರೆ ಒಂದು ಅಟೊಸೆಕೆಂಡು.”

“ತಲೆ ತಿನ್ಬೇಡ. ಅದನ್ನ ಅಳೆಯೋಕೆ ಯಾವ ಸ್ಟಾಪ್‌ವಾಚ್ ಇದೆ?”

“ಯಾವುದೂ ಇಲ್ಲಮ್ಮ, ಅದೇ ತಮಾಷೆ! ಈಗ ನೋಡು, ಸಾಲಾಗಿ ಜೋಕಾಲಿಗಳಿವೆ ಅಂದ್ಕೋ. ಎಲ್ಲಾ ಒಟ್ಟಿಗೆ ತೂಗ್ತಾ ಇವೆ, ಒಂದೊಂದರ ಮೇಲೂ ಒಂದೊಂದು ಮಗು. ನೀನು ಸೀಟಿ ಊದ್ತೀಯ. ಸೀಟಿ ಕೇಳ್ತಾ ಇರೋವಾಗ ಮಕ್ಕಳು ಹಾರ್ಬೇಕು. ಸೀಟಿ ಚಿಕ್ಕದಾಗಿದ್ರೆ ಎಲ್ರೂ ಒಂದೇ ಹೊತ್ತಿಗೆ ಹಾರ್ತಾರೆ, ಒಂದೇ ದೂರಕ್ಕೆ ಬೀಳ್ತಾರೆ. ಸೀಟಿ ಉದ್ದ ಎಳೆದ್ರೆ?”

ಅಮ್ಮನ ಕಣ್ಣರಳಿತು. “ಒಬ್ಬ ಹತ್ರ ಬೀಳ್ತಾನೆ, ಇನ್ನೊಬ್ಬ ದೂರ ಬೀಳ್ತಾನೆ. ಚೆಲ್ಲಾಪಿಲ್ಲಿ.”

“ಅಷ್ಟೇ! ಬಿದ್ದ ಜಾಗ ನೋಡಿ ಸೀಟಿ ಎಷ್ಟುದ್ದ ಇತ್ತು ಅಂತ ಹೇಳ್ಬಹುದು. ನಮ್ಮ ಮಿಂಚೇ ಸೀಟಿ. ಮಕ್ಕಳು ಅಂದ್ರೆ ಅನಿಲದಿಂದ ಹಾರೋ ಎಲೆಕ್ಟ್ರಾನು. ಜೋಕಾಲಿ ಅಂದ್ರೆ ಇನ್ನೊಂದು ಲೇಸರಿನ ಅಲೆ, ಅವಕೆಂಪು ಬೆಳಕಿಂದು.”

“ಬಿದ್ದ ಜಾಗ ನೋಡಿ ಲೆಕ್ಕ ಹಾಕೋರು ಯಾರು?”

“ಪ್ರೋಗ್ರಾಂ. ಅದನ್ನ ಬರೆದಿದ್ದು ನಾನು,” ಎಂದು ಕಾಲರ್ ಇಲ್ಲದಿದ್ದರೂ ಎತ್ತಿಕೊಂಡೆ.

ಫೆಬ್ರವರಿ 11, ಮಂಗಳವಾರ

ಲಿಫ್ಟ್ ಹಾಳಾಗಿ ಹೋಗಲಿ.

ಎರಡು ಕಿರಣಗಳು ಎರಡು ದಾರಿಯಲ್ಲಿ ಬಂದು ಒಂದೇ ಕಡೆ ಸೇರಬೇಕು. ಒಂದು ದಾರಿ ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿನಷ್ಟು ಅಲುಗಿದರೂ ನನ್ನ ಅಲೆ ಕಲಸಿಹೋಗುತ್ತದೆ. ಆ ಲಿಫ್ಟೋ, ನಮ್ಮ ಗೋಡೆಗೆ ಬೆನ್ನು ಕೊಟ್ಟುಕೊಂಡೇ ಏರಿ ಇಳಿಯುತ್ತದೆ. ಕೆಳಗೆ ರಸ್ತೆಯಲ್ಲಿ ಲಾರಿ ಹೋದರೆ ಅದೂ ಗೊತ್ತಾಗುತ್ತದೆ. ಲ್ಯಾಬನ್ನು ಇಲ್ಲಿಟ್ಟಿದ್ದು ಸಂಸ್ಥೆಯ ನಿರ್ದೇಶಕರು. ನೋಡಲು ಬಂದವರಿಗೆಲ್ಲ ಗಾಜಿನ ಗೋಡೆಯ ಆಚೆಯಿಂದ ಹೊಳೆಯುವ ಕೊಳವೆ ತೋರಿಸಬೇಕಲ್ಲ. ಪಂಪಣ್ಣ ‘ಲಿಫ್ಟ್ ಕೆಟ್ಟಿದೆ’ ಎಂದು ಬೋರ್ಡ್ ಬರೆದು ತಗುಲಿಹಾಕಿ ಬಂದರು. ಹತ್ತು ನಿಮಿಷದಲ್ಲಿ ಯಾರೋ ರಿಪೇರಿಯವನನ್ನೇ ಕರೆಸಿಬಿಟ್ಟರು.

ಹನ್ನೆರಡು ಸಲ ಅಲೆಯ ಸ್ಕ್ಯಾನ್ ತೆಗೆದೆ. ಹನ್ನೆರಡೂ ಗಂಜಿ.

ಫೆಬ್ರವರಿ 17, ಸೋಮವಾರ

ಎಪ್ಪತ್ತೊಂದು!!!

ಎಪ್ಪತ್ತೊಂದು ಅಟೊಸೆಕೆಂಡ್! ನೂರಲ್ಲ, ತೊಂಬತ್ತಲ್ಲ, ಎಪ್ಪತ್ತೊಂದು! ನನ್ನ ಮಿಂಚು, ನನ್ನ ಪ್ರೋಗ್ರಾಂ, ನನ್ನ ಎಪ್ಪತ್ತೊಂದು!

ಶುಕ್ರವಾರದ ಸ್ಕ್ಯಾನುಗಳಲ್ಲಿ ಒಂದು ಮಾತ್ರ ಸುಮಾರಾಗಿತ್ತು. ಅದನ್ನೇ ಪ್ರೋಗ್ರಾಂಗೆ ಕೊಟ್ಟೆ. ಅದು ಕೆಲಸ ಮಾಡುವ ರೀತಿ ಹೀಗೆ: ಮಿಂಚು ಇಷ್ಟುದ್ದ ಇರಬಹುದು ಎಂದು ನಾವೊಂದು ಊಹೆ ಕೊಡಬೇಕು. ಆ ಊಹೆ ನಿಜವಾದರೆ ಪರದೆಯ ಮೇಲೆ ಎಂಥ ಅಲೆ ಬರಬೇಕಿತ್ತೆಂದು ಅದು ಲೆಕ್ಕ ಹಾಕುತ್ತದೆ, ನಿಜವಾಗಿ ಬಂದ ಅಲೆಯ ಪಕ್ಕ ಇಟ್ಟು ನೋಡುತ್ತದೆ, ಊಹೆಯನ್ನು ತಿದ್ದುತ್ತದೆ. ಮತ್ತೆ ಲೆಕ್ಕ, ಮತ್ತೆ ತಿದ್ದುಪಡಿ. ಬರಬೇಕಾದ್ದೇ ಎಪ್ಪತ್ತರ ಸುಮಾರು ಎಂದು ಮೊದಲಿನಿಂದ ಗೊತ್ತಿದ್ದುದರಿಂದ ಎಪ್ಪತ್ತು ಎಂದೇ ಊಹೆ ಕೊಟ್ಟೆ. ಮೊದಲು ಸಾವಿರ ಸಲ ತಿದ್ದುತ್ತಾ ಗಂಟೆಗಟ್ಟಲೆ ಕೂರಿಸುತ್ತಿತ್ತು. ಇವತ್ತು ಹತ್ತು ಸಲ ಸಾಕು ಎಂದು ಆಜ್ಞೆ ಮಾಡಿದೆ. ನಾಲ್ಕೇ ನಿಮಿಷದಲ್ಲಿ ಉತ್ತರ!

ಮೇಡಂ ಕೇಳಿದ್ದು ಒಂದೇ. “ಬೇರೆ ಊಹೆ ಕೊಟ್ಟು ನೋಡಿದ್ಯಾ?”

“ನೋಡ್ತೀನಿ ಮೇಡಂ,” ಎಂದೆ. ಹಲ್ಲು ಕಡಿದುಕೊಂಡೇ ಎಂದೆ. ಒಂದು ಸಲ, ಒಂದೇ ಒಂದು ಸಲ, ಬೆನ್ನು ತಟ್ಟಿದರೆ ಇವರ ಗಂಟೇನು ಹೋಗುತ್ತಿತ್ತು?

ನಿರ್ದೇಶಕರಾದರೋ ಕೋಣೆಯಿಂದ ಎದ್ದು ಬಂದು ಕೈ ಕುಲುಕಿದರು.

ಫೆಬ್ರವರಿ 20, ಗುರುವಾರ

ಕಾಲು ನೆಲದ ಮೇಲಿಲ್ಲ. ಬಾಗಿಲ ಬಳಿಯ ಫಲಕದಲ್ಲಿ ದಪ್ಪ ಅಕ್ಷರದಲ್ಲಿ ‘71’ ಹಾಕಿದ್ದಾರೆ, ಕೆಳಗೆ ನನ್ನ ಫೋಟೋ. ಫೋಟೋದಲ್ಲಿ ಒಂದು ಕಣ್ಣು ಅರ್ಧ ಮುಚ್ಚಿದೆ. ಇರಲಿ. ಪಂಪಣ್ಣ ನನ್ನನ್ನು ಈಗ ‘ಎಪ್ಪತ್ತೊಂದಮ್ಮ’ ಎಂದು ಕರೆಯುತ್ತಾರೆ.

ಫೆಬ್ರವರಿ 22, ಶನಿವಾರ

ಬರೆಯಲೋ ಬೇಡವೋ ಎಂದು ಅರ್ಧ ಗಂಟೆ ಕುಳಿತಿದ್ದೆ. ಬರೆಯುತ್ತೇನೆ. ಇಲ್ಲೂ ಬರೆಯದಿದ್ದರೆ ಇನ್ನೆಲ್ಲಿ ಬರೆಯುವುದು?

ಸಮಿತಿಗೆ ತೋರಿಸಲು ಚಿತ್ರಗಳನ್ನು ಅಂದಗೊಳಿಸುತ್ತಿದ್ದೆ. ಶುಕ್ರವಾರದ ಫೈಲನ್ನೇ ಮತ್ತೊಮ್ಮೆ ಓಡಿಸಿ ದೊಡ್ಡ ಚಿತ್ರ ತೆಗೆಯೋಣ ಎಂದುಕೊಂಡೆ. ತೆಗೆದೆ. ಎಪ್ಪತ್ತೊಂದು ಬಂತು. ಸಂತೋಷವಾಗಿ ಅಲೆಯ ಚಿತ್ರ ತೆರೆದರೆ ಅಲೆಯೇ ಇಲ್ಲ. ಬರೀ ಚುಕ್ಕಿ. ಫೈಲಿನ ಹೆಸರು ನೋಡಿದೆ.

ಅದು ಕತ್ತಲ ಫೈಲು.

ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಕಿರಣಕ್ಕೆ ಮುಚ್ಚಳ ಹಾಕಿ ಒಂದು ಸ್ಕ್ಯಾನ್ ತೆಗೆಯುವುದು ನಮ್ಮ ಪದ್ಧತಿ. ಬೆಳಕಿಲ್ಲದಿದ್ದಾಗ ಯಂತ್ರ ತನ್ನಷ್ಟಕ್ಕೆ ಎಷ್ಟು ಗದ್ದಲ ಮಾಡುತ್ತದೆ ಎಂದು ತಿಳಿಯಲು. ಅವಸರದಲ್ಲಿ ನಾನು ಆ ಫೈಲನ್ನು ತೆರೆದಿದ್ದೇನೆ. ಮಿಂಚೇ ಇಲ್ಲ. ಎಲೆಕ್ಟ್ರಾನೇ ಇಲ್ಲ. ಆದರೂ ನನ್ನ ಪ್ರೋಗ್ರಾಂ ಕೂತು, ಹತ್ತು ಸಲ ತಿದ್ದಿ, ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ‘71’ ಎಂದಿದೆ.

ಸಾಲದ್ದಕ್ಕೆ ನನ್ನ ಅಲೆಯ ಫೈಲಿಗೆ ಐವತ್ತು ಎಂದು ಊಹೆ ಕೊಟ್ಟು ನೋಡಿದೆ. ಐವತ್ತೆರಡು ಎಂದಿತು. ಇನ್ನೂರು ಕೊಟ್ಟೆ. ನೂರ ತೊಂಬತ್ತೇಳು ಎಂದಿತು. ನಾನು ಕೊಟ್ಟಿದ್ದನ್ನೇ ಒಂದಿಷ್ಟು ಒರೆಸಿ ನನ್ನ ಕೈಗೇ ವಾಪಸ್ ಕೊಡುತ್ತಿದೆ! ಹತ್ತು ಸಲ ಸಾಕು ಎಂದವಳು ನಾನೇ. ಕಲಸಿಹೋದ ಅಲೆಗೆ ಯಾವ ಊಹೆಯಾದರೂ ಹೊಂದುತ್ತದೆ ಎನ್ನುವುದು ಗೊತ್ತಿರಬೇಕಾದವಳೂ ನಾನೇ.

ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಯಾರೂ ನೋಡಲಿಲ್ಲ. ಯಾರಿಗೂ ಗೊತ್ತಿಲ್ಲ.

ಫೆಬ್ರವರಿ 23, ಭಾನುವಾರ

ಅಮ್ಮ ಬೆಳಿಗ್ಗೆಯೇ ಕೇಳಿದಳು. “ಮುಖ ಯಾಕೆ ಹೀಗೆ ಹಿಂಡಿದ ಬಟ್ಟೆ ಆಗಿದೆ?”

ಹೇಳಬಾರದು ಎಂದುಕೊಂಡಿದ್ದೆ. ಬಾಯಿಬಿಟ್ಟೆ. ಎಲ್ಲ ಕೇಳಿದಳು. ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ. ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ವಿಷಯ ಹೇಳಿದಳು. ನಾನು ಹುಟ್ಟಿದ ಈ ಮೂವತ್ತೊಂದು ವರ್ಷದಲ್ಲಿ ಇದನ್ನು ಕೇಳಿಯೇ ಇರಲಿಲ್ಲ.

“ಒಬ್ಳು ಹುಡುಗಿ ಇದ್ಲು ನನ್ ಹತ್ರ. ಜಿಂಕೆ ಅಂತಾನೇ ಕರೀತಿದ್ವಿ. ನೂರು ಮೀಟರ್ ಓಡಿದ್ಲು. ನಾನು ವಾಚ್ ಒತ್ತಿದೆ. ನೋಡಿದ್ರೆ ಜಿಲ್ಲೆಗೇ ದಾಖಲೆ! ಕುಣಿದಾಡಿಬಿಟ್ವಿ. ಆದ್ರೆ ನಂಗೆ ಗೊತ್ತಿತ್ತು ಕಣೇ. ಪಿಸ್ತೂಲಿನ ಸದ್ದು ಕೇಳಿ ಹೆಬ್ಬೆಟ್ಟು ಒತ್ತೋಷ್ಟರಲ್ಲಿ ಅವಳು ಎರಡು ಹೆಜ್ಜೆ ಇಟ್ಟಾಗಿತ್ತು. ಕೈಯಲ್ಲಿ ಅಳೆದ ಹೊತ್ತು ಯಾವಾಗ್ಲೂ ಕಮ್ಮೀನೇ ತೋರಿಸೋದು. ಅವತ್ತು ಇನ್ನೂ ಕಮ್ಮಿ. ನಾನು ಸುಮ್ಮನಿದ್ದೆ.”

“ಆಮೇಲೆ?”

“ಆಮೇಲೇನು, ಆ ಹೊತ್ತು ನೋಡಿ ದೊಡ್ಡ ಕೂಟಕ್ಕೆ ಕಳಿಸಿದ್ರು. ಅಲ್ಲಿ ಯಂತ್ರದ ಗಡಿಯಾರ. ಕೊನೆಯವಳಾಗಿ ಬಂದ್ಲು. ತನ್ನ ಕಾಲಿಗೇ ಏನೋ ಆಗಿದೆ ಅಂತ ತಿಳ್ಕೊಂಡ್ಲು ಪಾಪ, ಓಡೋದೇ ಬಿಟ್ಟುಬಿಟ್ಲು. ಅವಳ ಕಾಲಿಗೆ ಏನೂ ಆಗಿರ್ಲಿಲ್ಲ. ತಪ್ಪು ನನ್ನ ಹೆಬ್ಬೆಟ್ಟಿಂದು.” ಅಮ್ಮ ತೊಡೆಯ ಮೇಲಿನ ಬಟ್ಟೆ ಬಿಚ್ಚಿ ಮತ್ತೆ ಮಡಚಿದಳು. “ಇವತ್ತಿಗೂ ನೆನಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.”

ಅಮ್ಮ ಹೇಳದಿದ್ದರೂ ನಾಳೆ ಮೇಡಂಗೆ ಹೇಳುವವಳೇ ಇದ್ದೆ ಎಂದು ಇಲ್ಲಿ ಬರೆಯಬೇಕೆಂದಿದ್ದೆ. ಬರೆದು ನೋಡಿದರೆ ನನಗೇ ಅಷ್ಟು ನಂಬಿಕೆ ಬರುತ್ತಿಲ್ಲ.

ಫೆಬ್ರವರಿ 24, ಸೋಮವಾರ

ಹೇಳಿದೆ.

ಮೇಡಂ ಕೋಣೆಯ ಬಾಗಿಲು ಹಾಕಿಕೊಂಡು ಕತ್ತಲ ಫೈಲನ್ನು ಅವರ ಕಣ್ಣೆದುರೇ ಓಡಿಸಿದೆ. ‘71’ ಬಂದಾಗ ಅವರ ಮುಖ ನೋಡುವ ಧೈರ್ಯವಾಗದೆ ಕೀಬೋರ್ಡ್ ನೋಡುತ್ತಿದ್ದೆ. ಆಮೇಲೆ ವಿಚಿತ್ರವಾದ ಒಂದು ಸದ್ದು. ತಲೆಯೆತ್ತಿದರೆ ಮೇಡಂ ನಗುತ್ತಿದ್ದಾರೆ! ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಿದ್ದಾರೆ.

“ಕತ್ತಲೆಗೂ ಎಪ್ಪತ್ತೊಂದಾ! ಅಬ್ಬಬ್ಬ, ಇಂಥ ಪರೀಕ್ಷೆ ನಂಗೆ ಹೊಳೀಲೇ ಇಲ್ವಲ್ಲೇ!”

“ಮೇಡಂ, ಲ್ಯಾಬ್ ಹೋಗುತ್ತೆ,” ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

“ಹೋಗ್ಬಹುದು. ನಿರ್ದೇಶಕರಿಗೆ ನಾನು ಹೇಳ್ತೀನಿ, ಆ ಬೈಗುಳ ನಿನ್ನ ಕಿವಿಗೆ ಬೇಡ. ನೀನು ಈಗ ಹೋಗಿ ಆ ಹತ್ತನ್ನ ಸಾವಿರ ಮಾಡು. ಐವತ್ತರಿಂದ ಮುನ್ನೂರರವರೆಗೆ ಎಲ್ಲಾ ಊಹೆಗಳನ್ನೂ ಕೊಡು. ಎಲ್ಲವೂ ಎಲ್ಲಿಗೆ ಬಂದು ನಿಲ್ಲುತ್ತೆ ನೋಡೋಣ.”

ಹೊರಗೆ ಬಂದರೆ ಪಂಪಣ್ಣ ಆಗಲೇ ಫಲಕದಿಂದ ‘71’ ಕೀಳುತ್ತಿದ್ದರು. ಈ ಮನುಷ್ಯನ ಕಿವಿಗೆ ಪಂಪಿನ ಸದ್ದಷ್ಟೇ ಅಲ್ಲ, ಗೋಡೆಯಾಚೆಯ ಮಾತೂ ಕೇಳುತ್ತದೆ.

“ಫೋಟೋ ಇರ್ಲಿ ಬಿಡು,” ಎಂದರು. “ಈಗ ಆ ಅರ್ಧ ಕಣ್ಣು ಸರಿಯಾಗಿ ಹೊಂದುತ್ತೆ.”

ಅಳುತ್ತಲೇ ನಕ್ಕುಬಿಟ್ಟೆ.

ಫೆಬ್ರವರಿ 26, ಬುಧವಾರ

ಸಾವಿರ ಸಲ ತಿದ್ದಿಸಿದರೂ ಎಲ್ಲವೂ ಒಂದೆಡೆ ನಿಲ್ಲುತ್ತಿಲ್ಲ. ಒಂದು ಊಹೆ ನೂರಕ್ಕೆ, ಇನ್ನೊಂದು ನೂರ ನಲವತ್ತಕ್ಕೆ, ಮತ್ತೊಂದು ನೂರ ತೊಂಬತ್ತಕ್ಕೆ. ಅಲೆ ಅಷ್ಟು ಕಲಸಿದೆ. ಆದರೆ ಕತ್ತಲ ಫೈಲಿಗೆ ಈಗ ‘ಉತ್ತರವಿಲ್ಲ’ ಎನ್ನುತ್ತದೆ. ಅದನ್ನು ಹಾಗೆ ಹೇಳುವಂತೆ ಮಾಡಲು ಎರಡು ದಿನ ಹಿಡಿಯಿತು. ‘ಉತ್ತರವಿಲ್ಲ’ ಎಂದು ಪರದೆಯ ಮೇಲೆ ಬಂದಾಗ ಎಂಥ ಖುಷಿ! ಎದ್ದುನಿಂತು ಚಪ್ಪಾಳೆ ತಟ್ಟಿದೆ. ಗಾಜಿನ ಆಚೆ ನಿಂತಿದ್ದ ಯಾರೋ ಅತಿಥಿಗಳು ವಾಪಸ್ ಚಪ್ಪಾಳೆ ತಟ್ಟಿದರು.

ಫೆಬ್ರವರಿ 28, ಶುಕ್ರವಾರ

ಸಮಿತಿಯಲ್ಲಿ ಐದು ಜನ. ನಿರ್ದೇಶಕರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನಾನು ಮೊದಲು ತೋರಿಸಿದ್ದೇ ಕತ್ತಲ ಫೈಲು. ಇದರಿಂದಲೂ ನನ್ನ ಪ್ರೋಗ್ರಾಂ ಎಪ್ಪತ್ತೊಂದು ತೆಗೆದಿತ್ತು, ತಪ್ಪು ನನ್ನದು, ಎಂದು ನೇರವಾಗಿ ಹೇಳಿಬಿಟ್ಟೆ. ಒಬ್ಬರು ಕಿಸಕ್ಕೆಂದರು. ಆಮೇಲೆ ಪ್ರೋಗ್ರಾಂ ಹೇಗೆ ಮೋಸಹೋಯಿತು, ಅದನ್ನು ಹೇಗೆ ಹಿಡಿಯಬಹುದು ಎಂದು ಬಿಡಿಸಿ ಹೇಳತೊಡಗಿದೆ. ಹೇಳುತ್ತಾ ಹೇಳುತ್ತಾ ಸಮಿತಿಯನ್ನೇ ಮರೆತೆ. ನಾಚಿಕೆಯಿಲ್ಲದೆ ಬರೆಯುತ್ತೇನೆ: ತುಂಬ ಮಜಾ ಬಂತು.

ಅಧ್ಯಕ್ಷರು ಸಣ್ಣಗಿನ ಮುದುಕರು. ಗಡ್ಡ ಕೆರೆದುಕೊಂಡು ಕೇಳಿದರು. “ಎಲ್ಲಾ ಸರಿಯಮ್ಮ. ಕೊನೆಗೆ ನಿಮ್ಮ ಮಿಂಚು ಎಷ್ಟುದ್ದ?”

“ನೂರರಿಂದ ನೂರ ತೊಂಬತ್ತರ ಒಳಗೆ ಎಲ್ಲೋ ಇದೆ ಸರ್.”

“ಎಲ್ಲೋ ಇದೆ ಅನ್ನೋದು ಅಳತೆಯಲ್ಲ.”

“ಅಲ್ಲ ಸರ್. ಅದಕ್ಕೇ ಅಳೆದಿದ್ದೀವಿ ಅಂತ ನಾವು ಹೇಳ್ತಿಲ್ಲ.”

ಪಕ್ಕದಲ್ಲಿ ಮೇಡಂ ಮೇಜಿನ ಕೆಳಗೆ ನನ್ನ ಕೈ ಹಿಡಿದು ಒಮ್ಮೆ ಒತ್ತಿದರು.

ಮಾರ್ಚ್ 10, ಸೋಮವಾರ

ಪತ್ರ ಬಂತು. ಹಾಲ್ ಖಾಲಿ ಮಾಡಬೇಕು. ಅದು ಬೇರೆ ಗುಂಪಿಗೆ. ಅಧ್ಯಕ್ಷರು ಒತ್ತಾಯ ಮಾಡಿ ನಮಗೆ ಆರು ತಿಂಗಳು ಉಳಿಸಿದ್ದಾರಂತೆ. ನೆಲಮಾಳಿಗೆಯ ಹಳೇ ಉಗ್ರಾಣದಲ್ಲಿ ಯಂತ್ರ ಜೋಡಿಸಿಕೊಳ್ಳಬಹುದು. ಅಷ್ಟರೊಳಗೆ ನೂರಕ್ಕಿಂತ ಕಡಿಮೆ ತೋರಿಸದಿದ್ದರೆ ಲ್ಯಾಬ್ ಮುಚ್ಚಿದಂತೆ.

ಉಗ್ರಾಣ ನೋಡಿಬಂದೆವು. ಕಿಟಕಿಯಿಲ್ಲ. ಮುರಿದ ಕುರ್ಚಿಗಳ ರಾಶಿ, ಗೋಡೆಯುದ್ದಕ್ಕೂ ನೀರಿನ ಕೊಳವೆ, ಒಂದೇ ಒಂದು ಬಲ್ಬು. ಹದಿನಾಲ್ಕು ವರ್ಷದ ಮೇಲೆ ಮೇಡಂಗೆ ಈ ಗತಿ, ಅದೂ ನನ್ನಿಂದ. “ಕ್ಷಮಿಸಿ ಮೇಡಂ,” ಎಂದೆ. ಅವರು ಕೇಳಿಸಿಕೊಳ್ಳಲೇ ಇಲ್ಲ, ಹೆಜ್ಜೆಯಲ್ಲಿ ನೆಲ ಅಳೆಯುತ್ತಿದ್ದರು.

ಮಾರ್ಚ್ 14, ಶುಕ್ರವಾರ

ಅಯ್ಯೋ, ನಮ್ಮ ತಲೆಯಲ್ಲಿ ಏನಿತ್ತು? ಮಣ್ಣೇ?

ಮಧ್ಯಾಹ್ನ ಪಂಪಣ್ಣ ಕೆಳಗಿನಿಂದ ಕೂಗಿದರು. “ಮೇಡಂ, ತಂಗಿ, ಇಬ್ರೂ ಬನ್ನಿ ಬೇಗ!” ಅವರು ಕೂಗುವವರಲ್ಲ. ಏನಾಯಿತೋ ಎಂದು ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಉಗ್ರಾಣದ ನೆಲದ ಮೇಲೆ ಒಂದು ಲೋಟ ನೀರು ಇಟ್ಟು, ಟಾರ್ಚ್ ಬಿಟ್ಟುಕೊಂಡು, ಹೊಟ್ಟೆ ಮೇಲೆ ಮಲಗಿ ಅದನ್ನೇ ನೋಡುತ್ತಿದ್ದಾರೆ.

“ಏನಣ್ಣಾ ಇದು?”

“ಈಗ ಲಿಫ್ಟ್ ಮೇಲೆ ಹೋಯ್ತು. ಈಗ ಹೊರಗೆ ಲಾರಿ ಹೋಯ್ತು. ನೋಡಿ ನೀರನ್ನ.”

ನೀರು ಅಲುಗುತ್ತಿಲ್ಲ! ಮೇಲಿನ ಹಾಲಿನಲ್ಲಿ ಇದೇ ಲೋಟ ಇಟ್ಟರೆ ಲಿಫ್ಟ್ ಏರಿದಾಗಲೆಲ್ಲ ನೀರಿನ ಮೇಲೆ ಉಂಗುರ ಏಳುತ್ತಿತ್ತು. ಇಲ್ಲಿ ಪಾಯ ಬಂಡೆಯ ಮೇಲಿದೆ, ಸುತ್ತ ಮಣ್ಣು. ಮೂವರೂ ನೆಲದ ಮೇಲೆ ಮಲಗಿ ಟಾರ್ಚಿನ ಬೆಳಕಿನಲ್ಲಿ ಒಂದು ಲೋಟ ನೀರನ್ನು ಕಣ್ಣು ಮಿಟುಕಿಸದೆ ನೋಡಿದೆವು. ಯಾರಾದರೂ ಬಂದಿದ್ದರೆ ಮೂವರಿಗೂ ತಲೆ ಕೆಟ್ಟಿದೆ ಎಂದೇ ತಿಳಿಯುತ್ತಿದ್ದರು. ಮೇಡಂ ಎದ್ದು ಸೀರೆಯ ಧೂಳು ಕೊಡವಿಕೊಂಡು, “ಹದಿನಾಲ್ಕು ವರ್ಷ ಗಾಜಿನ ಮನೆಯಲ್ಲಿ ಕೂತು ನಡುಗ್ತಾ ಇದ್ವಲ್ಲ!” ಎಂದರು. ಎಲ್ಲರಿಗೂ ಒಟ್ಟಿಗೆ ನಗು ಒತ್ತಿ ಬಂತು.

ನಾಳೆಯಿಂದಲೇ ಸಾಗಿಸುತ್ತೇವೆ.

ಏಪ್ರಿಲ್ 22, ಮಂಗಳವಾರ

ಐದೂವರೆ ವಾರ ಪುಸ್ತಕ ಮುಟ್ಟಿಲ್ಲ. ಬೆನ್ನು ಮುರಿದಿದೆ, ಉಗುರು ಕಪ್ಪಾಗಿದೆ, ಅಮ್ಮ ನನ್ನನ್ನು ಗುರುತು ಕೇಳಿ ಒಳಗೆ ಬಿಡುತ್ತಾಳೆ. ಒಂಬತ್ತು ಪಂಪು ಇಳಿದವು, ಎರಡು ಬಾಕಿ. ನಿನ್ನೆ ಚೇಂಬರಿಗೆ ಗಾಳಿ ಬಿಡುವಾಗ ನಾನು ವಾಲ್ವ್ ಒಂದಿಷ್ಟು ಜೋರಾಗಿ ತಿರುಗಿಸಿ, ಕಿರಣದ ದಾರಿಗೆ ಅಡ್ಡ ಕಟ್ಟಿದ್ದ ಲೋಹದ ಫಾಯಿಲ್ ಹರಿದುಬಿಟ್ಟೆ. ಕೂದಲಿಗಿಂತ ನೂರಾರು ಪಟ್ಟು ತೆಳು ಅದು, ಉಸಿರು ತಾಗಿದರೂ ಹರಿಯುತ್ತದೆ. ಪಂಪಣ್ಣ ಬೈಯದೆ ವಾಲ್ವ್ ತಿರುಗಿಸುವುದನ್ನು ಮೊದಲಿನಿಂದ ಹೇಳಿಕೊಟ್ಟರು. ಕೈಯಿಂದಲ್ಲ, ಕಿವಿಯಿಂದ ತಿರುಗಿಸಬೇಕಂತೆ. ಗಾಳಿ ಒಳಗೆ ನುಗ್ಗುವ ಸದ್ದು ಕೇಳಿಸಿತೆಂದರೆ ಆಗಲೇ ತಡವಾಯಿತು. ಇವತ್ತು ಹದಿನೈದು ಸಲ ಅಭ್ಯಾಸ ಮಾಡಿದೆ. ಹದಿನೈದನೆಯ ಸಲ ಅವರು ಕಣ್ಣು ಮುಚ್ಚಿಕೊಂಡು ಕೇಳಿ, “ಪಾಸು,” ಎಂದರು. ಡಿಗ್ರಿ ಬಂದಾಗಲೂ ಇಷ್ಟು ಹೆಮ್ಮೆಯಾಗಿರಲಿಲ್ಲ.

ಜೂನ್ 9, ಸೋಮವಾರ

ಬೆಳಕು ಬಂತು. ಅಲೆ ಇನ್ನೂ ಇಲ್ಲ. ಕತ್ತಲ ಫೈಲು ತೆಗೆದಿಟ್ಟೆವು. ಮೇಡಂಗೆ ಮುಂದಿನ ವರ್ಷ ನಿವೃತ್ತಿ ಎಂದು ಇವತ್ತು ನೆನಪಾಯಿತು. ಸುಮ್ಮನೆ ಹೋಗಿ ಅವರ ಪಕ್ಕ ಕುಳಿತು ಟೀ ಕುಡಿದೆ.

ಜೂನ್ 18, ಬುಧವಾರ

ಎಲ್ಲಿಂದ ಶುರು ಮಾಡಲಿ? ಕೈ ಓಡುತ್ತಿಲ್ಲ, ಮನಸ್ಸು ಮುಂದೆ ಮುಂದೆ ಓಡುತ್ತಿದೆ.

ಬೆಳಿಗ್ಗೆ ಏಳೂವರೆಗೆ ಶುರು ಮಾಡಿದೆವು. ಪಂಪಣ್ಣ ದೊಡ್ಡ ಪಂಪಿನ ವಾಲ್ವ್ ಮುಚ್ಚಿ, ಪಂಪನ್ನೇ ಆರಿಸಿಬಿಟ್ಟರು. “ಇದರ ನಡುಕವೂ ಬೇಡ. ಇಪ್ಪತ್ತು ನಿಮಿಷ ಗಾಳಿ ಒಳಗೆ ಬರದ ಹಾಗೆ ಹಿಡಿದಿಡ್ತೀನಿ. ಅಷ್ಟರಲ್ಲಿ ನಿಮ್ಮ ಸ್ಕ್ಯಾನ್ ಮುಗಿಸ್ಕೊಳ್ಳಿ.” ಉಗ್ರಾಣದಲ್ಲಿ ಎಂದೂ ಇಲ್ಲದ ನಿಶ್ಶಬ್ದ. ಮೂವರೂ ಪರದೆಯ ಮುಂದೆ ಕುಳಿತೆವು. ಮೊದಲ ಗೆರೆ. ಎರಡನೆಯದು. ಹತ್ತನೆಯ ಗೆರೆಯ ಹೊತ್ತಿಗೆ ನನ್ನ ಕಣ್ಣು ತುಂಬಿತು. ಇಷ್ಟು ಚೂಪಾದ ಅಲೆಯನ್ನು ನಾವು ಎಂದೂ ಕಂಡಿರಲಿಲ್ಲ. ಏರು ಏರಾಗಿದೆ, ಇಳಿತ ಇಳಿತವಾಗಿದೆ, ನಡುವೆ ಗಂಜಿಯಿಲ್ಲ.

ಮೊದಲು ಕತ್ತಲ ಫೈಲು ಓಡಿಸಿದೆ. ‘ಉತ್ತರವಿಲ್ಲ.’ ಸರಿ.

ಆಮೇಲೆ ಊಹೆ ಕೇಳಿದೆ. “ಮೇಡಂ, ಒಂದು ಸಂಖ್ಯೆ ಹೇಳಿ.”

“ಮುನ್ನೂರು,” ಎಂದರು ಮೇಡಂ.

“ನಲವತ್ತು,” ಎಂದರು ಪಂಪಣ್ಣ. “ನಮ್ಮನೆ ಬಾಗಿಲ ನಂಬರು.”

ಆಗಲೇ ಒಂದು ಕಾಗದಕ್ಕೆ ಸಹಿ ಹಾಕಿಸಲು ಕಚೇರಿಯ ಗುಮಾಸ್ತರು ಇಳಿದು ಬಂದರು. ಅವರನ್ನೂ ಬಿಡಲಿಲ್ಲ. ಯಾಕೆ, ಏನು ಎಂದು ಕೇಳದೆ “ನೂರೈವತ್ತು” ಎಂದರು. ಅಮ್ಮನಿಗೆ ಫೋನ್ ಮಾಡಿದೆ. “ಐನೂರು! ಬೇಕಾದ್ರೆ ಇನ್ನೂ ಜಾಸ್ತಿ ಮಾಡ್ಕೋ!” ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು.

ನಾಲ್ಕನ್ನೂ ಕೊಟ್ಟು ಕುಳಿತೆವು. ಸಾವಿರ ಸಲ ತಿದ್ದಬೇಕು, ಹೊತ್ತು ಹಿಡಿಯುತ್ತದೆ. ಗುಮಾಸ್ತರು ಸಹಿ ಮರೆತು ಮುರಿದ ಕುರ್ಚಿಯೊಂದನ್ನು ಎಳೆದುಕೊಂಡು ಕುಳಿತರು. ನಲವತ್ತು ನಿಧಾನಕ್ಕೆ ಏರಿತು. ಅರವತ್ತು, ಎಂಬತ್ತು, ತೊಂಬತ್ತೆರಡು, ತೊಂಬತ್ತನಾಲ್ಕು. ನಿಂತಿತು. ನೂರೈವತ್ತು ಇಳಿಯುತ್ತಾ ಬಂದು ತೊಂಬತ್ತನಾಲ್ಕಕ್ಕೆ ನಿಂತಿತು. ಮುನ್ನೂರು ಇಳಿಯಿತು, ತಡವರಿಸಿತು, ಮತ್ತೆ ಇಳಿಯಿತು. ತೊಂಬತ್ತನಾಲ್ಕು. ಕೊನೆಗೆ ಅಮ್ಮನ ಐನೂರು ಉಳಿಯಿತು. ಇನ್ನೂರರ ಹತ್ತಿರ ಎಷ್ಟು ಹೊತ್ತು ಕುಳಿತುಬಿಟ್ಟಿತೆಂದರೆ ಗುಮಾಸ್ತರು ಎದ್ದುನಿಂತು ಪರದೆಗೆ “ಇಳಿ, ಇಳಿ ಮಾರಾಯ!” ಎಂದು ಬೇಡಿಕೊಂಡರು. ಇಳಿಯಿತು. ತೊಂಬತ್ತೈದು!

ಆಮೇಲೆ ಯಾರು ಯಾರನ್ನು ತಬ್ಬಿಕೊಂಡರೋ ನೆನಪಿಲ್ಲ. ಪಂಪಣ್ಣ ಅಳುತ್ತಿದ್ದರು. ಮೇಡಂ ಪರದೆಗೆ ಕೈಮುಗಿದು ನಿಂತಿದ್ದರು, ಆಮೇಲೆ ನನ್ನ ಕಡೆ ತಿರುಗಿ, “ಫೋನ್ ಮಾಡು! ನಿರ್ದೇಶಕರಿಗೆ ಈಗ್ಲೇ ಫೋನ್ ಮಾಡು!” ಎಂದು ಕೂಗಿದರು. ಮೇಡಂ ಕೂಗಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

“ಈಗ ಬೇಡ ಮೇಡಂ,” ಎಂದೆ. “ಗ್ಯಾಸಿನ ಒತ್ತಡ ಸ್ವಲ್ಪ ಇಳಿದಿತ್ತು. ನಾಳೆ ಸಿಲಿಂಡರ್ ಬದಲಾಯಿಸಿ ಇನ್ನೊಂದು ಸಲ ತೆಗೆಯೋಣ.”

ಮೇಡಂ ಪಂಪಣ್ಣನ ಮುಖ ನೋಡಿದರು. ಪಂಪಣ್ಣ ಮೇಡಂ ಮುಖ ನೋಡಿದರು. ಇಬ್ಬರೂ ಗೋಡೆಗೆ ಒರಗಿಕೊಂಡು ಹೊಟ್ಟೆ ಹಿಡಿದು ನಗತೊಡಗಿದರು. ಇದರಲ್ಲಿ ನಗುವುದೇನಿದೆಯೋ ನನಗೆ ಗೊತ್ತಾಗಲಿಲ್ಲ. ಒತ್ತಡ ನಿಜವಾಗಿಯೂ ಇಳಿದಿತ್ತು.

ಜೂನ್ 19, ಗುರುವಾರ

ಹೊಸ ಸಿಲಿಂಡರ್, ಹೊಸ ಸ್ಕ್ಯಾನ್. ತೊಂಬತ್ತಮೂರು, ತೊಂಬತ್ತನಾಲ್ಕು, ತೊಂಬತ್ತಮೂರು, ತೊಂಬತ್ತಮೂರು. ಮೇಡಂ ತಾವೇ ಫೋನ್ ಮಾಡಿದರು. ಮಧ್ಯಾಹ್ನ ಆ ಅಧ್ಯಕ್ಷರೇ ಬಂದರು, ಮೆಟ್ಟಿಲ ಮೇಲೆ ಎರಡು ಕಡೆ ನಿಂತು ಸುಧಾರಿಸಿಕೊಂಡು. ಬಂದವರೇ ಮೊದಲು ಕೇಳಿದ್ದು ಕತ್ತಲ ಫೈಲನ್ನು. ಆಮೇಲೆ ತಮ್ಮದೊಂದು ಊಹೆ ಕೊಟ್ಟರು, ಎಂಟುನೂರು. ಕುಳಿತು ಕಾದರು. ತೊಂಬತ್ತನಾಲ್ಕಕ್ಕೆ ಬಂದು ನಿಂತಾಗ ಮಗುವಿನ ಹಾಗೆ ತೊಡೆ ತಟ್ಟಿಕೊಂಡರು.

ಲ್ಯಾಬ್ ಉಳಿಯಿತು! ನಿರ್ದೇಶಕರು ಮೂರನೇ ಮಹಡಿಯ ಹಾಲನ್ನು ವಾಪಸ್ ಕೊಡಿಸುತ್ತೇನೆ ಎಂದರು. “ಬೇಡ!” ಎಂದೆವು ಮೂವರೂ ಒಂದೇ ಉಸಿರಿಗೆ. ಪಾಪ, ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮೊದಲು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು, ಈ ವಯಸ್ಸಿನಲ್ಲಿ. ಆಮೇಲೆ ಯಾರು ಯಾರು ಎಷ್ಟೆಷ್ಟು ಹೇಳಿದ್ದರು ಎಂದು ಒಬ್ಬೊಬ್ಬರದನ್ನೇ ವಿಚಾರಿಸಿದಳು. ತನ್ನ ಐನೂರು ಅಷ್ಟು ದೂರದಿಂದ ಇಳಿದು ಬಂದಿತಲ್ಲ ಎಂದು ಅವಳಿಗೆ ಭಾರಿ ಹೆಮ್ಮೆ.

“ನಿಂದು ಎಷ್ಟಿತ್ತು?”

“ಏನು?”

“ಊಹೆ ಕಣೇ. ನೀನೆಷ್ಟು ಕೊಟ್ಟೆ?”

ಕೇಳಿದ ಮೇಲೆ ಹೊಳೆಯಿತು. “ನಾನು ಕೊಡೋದೇ ಮರೆತೆ,” ಎಂದೆ.

“ಅವತ್ತು ಎಪ್ಪತ್ತು ಅಂತ ಕೊಟ್ಟಿದ್ದವಳು!” ಎಂದು ಅಮ್ಮ ನನ್ನನ್ನೇ ತುಂಬ ಹೊತ್ತು ನೋಡಿದಳು. ಕೂದಲಲ್ಲಿ ಉಗ್ರಾಣದ ಜೇಡರ ಬಲೆ ಅಂಟಿರಬೇಕು ಎಂದು ಕೈಯಾಡಿಸಿಕೊಂಡೆ. ಏನೂ ಇರಲಿಲ್ಲ.